ತೊತ್ತಿನ ದೊಣೆ

ಮಧುಗಿರಿ. ಸೈಕಲ್ ಶಾಪಿನ ಮೇಲಿನ ಕೋಣೆ.
ತಿಂಗಳ ಎರಡನೇ ಭಾನುವಾರ.
ಏಳು ಕುರ್ಚಿ, ಐದು ಜನ, ಒಂದು ಬೀರು.
ಕಿಟಕಿಯಲ್ಲಿ ಬೆಟ್ಟ.
(ಈ ಊರಲ್ಲಿ ಯಾವ ಕಿಟಕಿಯಲ್ಲಿ ಇಲ್ಲ?)
ಬೀರುವಿನೊಳಗೆ ನಾವು ಕೂಡಿಟ್ಟ ಊರು:
ಮೂರು ಫಿರಂಗಿ ಗುಂಡು,
ಯಾರದೆಂದು ತಿಳಿಯದ ಮದುವೆ ಫೋಟೋ,
ಗೆದ್ದಲು ತಿಂದು ಮಿಕ್ಕ ಕಡತ.
‘ಗೆದ್ದಲೂ ನಮ್ಮ ಸಂಘದ ಸದಸ್ಯನೇ’ ಅನ್ನುತ್ತಾರೆ ಖಲೀಲ್ ಸಾಹೇಬರು,
‘ಚಂದಾ ಕಟ್ಟದೆ ಎಲ್ಲಾ ಓದಿ ಮುಗಿಸಿದವನು.’

ನಾನು ಕಾರ್ಯದರ್ಶಿ.
ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ
ಕಂಡವರ ವಿಳಾಸ ಓದಿ ಓದಿ
ಎಂಥ ಕೋಳಿಕಾಲು ಅಕ್ಷರಕ್ಕೂ ಬಗ್ಗದ ಕಣ್ಣು;
ನಡಾವಳಿ ಪುಸ್ತಕ ನನ್ನ ಪಾಲಿಗೆ ಬಂತು.

ಆವತ್ತಿನ ವಿಷಯ ಒಂದೇ: ಬೆಟ್ಟದ ದೊಣೆಗಳಿಗೆ ಬೋರ್ಡು.

ಹಿಂದಿನ ತಿಂಗಳು ಹತ್ತಿದ್ದೆವು.
ಮುಂದೆ ಓಬಳಕ್ಕ, ಅವಳ ಆಡು,
ಹಿಂದೆ ಏದುಸಿರು ಬಿಡುತ್ತ ಇತಿಹಾಸ.
ಮೂರನೇ ಬಾಗಿಲಲ್ಲಿ ದೊಡ್ಡಲಿಂಗಪ್ಪ ಮೇಷ್ಟ್ರ ಮಂಡಿ
ರಾಜೀನಾಮೆ ಕೊಟ್ಟಿತು.
ನಾವು ಟೇಪು ಹಿಡಿದು ಅಳೆದೆವು,
ಅವಳು ಕೋಲು ಚಾಚಿ ಹೇಳುತ್ತ ಹೋದಳು:
ಇದು ಹದ್ದಿನ ದೊಣೆ.
ಇದು ಅಂಗೈ ದೊಣೆ, ಬ್ಯಾಸಿಗೇಲೂ ಅಷ್ಟು ಇರ್ತೈತೆ.
ಇದು ತೊತ್ತಿನ ದೊಣೆ.

ಯಾವ ತೊತ್ತು?

‘ಮ್ಯಾಲಿನೋರಿಗೆ ನೀರು ಹೊತ್ತೋಳು.
ಹೆಸರು ಯಾರು ಕೇಳಿದ್ರು ಅವಳ್ನ?
ಕೊಡ ಇಳಿಸಿದ ಜಾಗ ನೋಡ್ರಿ, ಬಂಡೆ ಸವೆದೈತೆ.’
ಸವೆದಿತ್ತು. ದುಂಡಗೆ, ಒಂದು ಕೊಡದ ತಳದಷ್ಟು.
ಮಳೆ ಬಿದ್ದೂ ಹೀಗಾಗಬಹುದು, ಅಂದರು
ಸರ್ವೆ ಇಲಾಖೆಯಲ್ಲಿದ್ದ ಖಲೀಲ್ ಸಾಹೇಬರು.
‘ಮಳೆಗೆ ಸೊಂಟ ನೋಯಾಕಿಲ್ಲ’ ಅಂದಳು ಓಬಳಕ್ಕ,
ಆಡು ಅಟ್ಟಿಕೊಂಡು ಹೋದಳು.

ಬೋರ್ಡಿನ ಖರ್ಚು ಅಧ್ಯಕ್ಷರದು,
ಅಕ್ಕಿ ಗಿರಣಿಯ ನಾಗಭೂಷಣ ಶೆಟ್ಟರದು.
‘ತೊತ್ತು ಅಂತ ಬರೆದರೆ ನೋಡಿದವರು ಏನಂದಾರು?
ರಾಣಿಕೊಳ ಅನ್ನೋಣ. ಕಿವಿಗೂ ಹಿತ, ಫೋಟೋಕ್ಕೂ ಹಿತ.’
ಯಾವ ರಾಣಿ, ಅಂದರು ಮೇಷ್ಟ್ರು.
‘ಕೋಟೆ ಅಂದಮೇಲೆ ಒಬ್ಬಳು ಇದ್ದೇ ಇರ್ತಾಳಲ್ಲ.’
ವಿನುತಾ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಮೆಲ್ಲಗೆ ಅಂದಳು:
‘ರಾಣಿ ಬೇಡ. ಆದರೆ ಅದು ಬೈಗುಳ, ಅಮ್ಮ.
ಸತ್ತವಳನ್ನ ಕಬ್ಬಿಣದ ಹಲಗೆ ಮೇಲೆ ಇನ್ನೂ ಬೈತಾ ಇರೋದಾ?’

ಇಬ್ಬರೂ ನನ್ನ ಬಾಯಿ ಕಟ್ಟಿಸಿದರು.
ಶೆಟ್ಟರಿಗೆ ನನ್ನಲ್ಲಿ ಉತ್ತರವಿತ್ತು, ಅವಳಿಗೆ ಇರಲಿಲ್ಲ.

ಆಗ ನೆನಪಾಯಿತು ಒಂದು ಮನಿಯಾರ್ಡರು.
ಎಪ್ಪತ್ತು ರೂಪಾಯಿ. ವಿಳಾಸ ಇಷ್ಟೇ:
‘ಉಪ್ಪುನೀರಿನ ಬಾವಿ ಪಕ್ಕದ ಕುಂಟಮ್ಮನಿಗೆ.’
ಕೆಟ್ಟ ಹೆಸರೇ. ವಾಪಸು ಕಳಿಸಬಹುದಿತ್ತು,
‘ವಿಳಾಸದಾರರು ಸಿಕ್ಕಿಲ್ಲ’ ಮೊಹರು ಕೈಯಲ್ಲೇ ಇತ್ತು.
ಕೇಳಿಕೊಂಡು ಹೋದೆ.
ಒಂದು ಕಾಲು ಎಳೆಯುತ್ತ ಬಂದಳು,
ಹೆಬ್ಬೆಟ್ಟು ಒತ್ತಿದಳು, ನೋಟು ಎಣಿಸಿದಳು.
ನಿನ್ನ ನಿಜವಾದ ಹೆಸರೇನಮ್ಮ, ಅಂದೆ.
ಹೇಳಿದಳು.
ಮರೆತಿದ್ದೇನೆ.

ಕೈಯೆತ್ತಿದವರು ಮೂವರು. ವಿನುತಾಳೂ ಎತ್ತಿದಳು, ಅರ್ಧ.
ಮೇಷ್ಟ್ರು ಮಂಡಿ ನೀವಿಕೊಂಡು ಕೂತರು.
‘ಸರ್ವಾನುಮತದಿಂದ’ ಎಂದು ಬರೆದುಬಿಟ್ಟಿತ್ತು ಅಭ್ಯಾಸದ ಕೈ;
ಹೊಡೆದುಹಾಕಿ, ‘ಒಬ್ಬರ ವಿರೋಧ’ ಅಂತ ಸೇರಿಸಿದೆ.
ಆ ಒಬ್ಬರು ಕೈಯೆತ್ತಿರಲಿಲ್ಲ.
ಕೈಯಲ್ಲಿ ಪೆನ್ನಿತ್ತು.

ಈಗ ಬೆಟ್ಟದ ಮೇಲೆ ಹಳದಿ ಬೋರ್ಡು: ರಾಣಿಕೊಳ.
ಅದರ ನೆರಳಲ್ಲಿ ಆಡು ಮಲಗುತ್ತವೆ.
ಯಾರೋ ಹುಡುಗರು ಓಬಳಕ್ಕನನ್ನು ಕೇಳಿದರಂತೆ,
ಅಜ್ಜಿ, ರಾಣಿಕೊಳ ಎಲ್ಲಿ?
ಅಂಥದ್ದು ಇಲ್ಲಿಲ್ಲ ಕಣ್ರಪ್ಪ, ಅಂದಳಂತೆ,
ಬಾಯಾರಿದ್ರೆ ತೊತ್ತಿನ ದೊಣೆ ಐತೆ.

ನಡಾವಳಿ ಪುಸ್ತಕದ ಆ ಪುಟದ ಅಂಚಿನಲ್ಲಿ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ ಅದನ್ನೂ,
ಗೆದ್ದಲಿಗೆ ಓದಲು ಸಿಗುವಂತೆ.
ಮುಂದಿನ ಸಭೆಯ ವಿಷಯ: ಬೀರುವಿನ ಬೀಗ.